ಸಹಾಯ ಬೇಕು: ಹಳೆಯ ಹಾಯಿದೋಣಿಯಲ್ಲಿ ಬ್ಲೋವರ್ ಪೈಪ್ ಎಲ್ಲಿಯವರೆಗೆ ಇಳಿಸಬೇಕು?

ನಮ್ಮದು ಹಳೆಯ ಹಾಯಿದೋಣಿ, ಒಳಗೆ ಅಟಾಮಿಕ್ 4 ಪೆಟ್ರೋಲ್ ಇಂಜಿನ್. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳಕ್ಕಿಳಿದು ಅಲ್ಲೇ ಕೂರುತ್ತದೆ, ಆಮೇಲೆ ಒಂದು ಕಿಡಿ ಸಾಕು. ಅದಕ್ಕೇ ಸ್ಟಾರ್ಟ್ ಮಾಡುವ ಮೊದಲು ಕನಿಷ್ಠ 4 ನಿಮಿಷ ಬ್ಲೋವರ್ (ಒಳಗಿನ ಗಾಳಿಯನ್ನು ಹೊರಗೆಳೆಯುವ ಫ್ಯಾನ್) ಓಡಿಸುತ್ತೇನೆ, ಮುಚ್ಚಳ ತೆಗೆದು ಮೂಸಿಯೂ ನೋಡುತ್ತೇನೆ. ಆದರೆ ಹಿಂದಿನ ಮಾಲೀಕರು ಹಾಕಿದ್ದ ಹೀರುವ ಪೈಪ್ ಇಂಜಿನ್ ತಲೆಯ ಹತ್ತಿರವೇ ನಿಂತಿದೆ, ಹಾಗಾದರೆ ಆವಿಯೆಲ್ಲ ಕೆಳಗೇ ಉಳಿಯುತ್ತದೆ ಅಲ್ವಾ?

ಕೆಳಕ್ಕೆ ಇಳಿಸಬೇಕು, ಸರಿ. ಆದರೆ ತಳದಲ್ಲಿ ನಿಂತ ನೀರು ಪೈಪಿನ ಬಾಯಿ ಮುಚ್ಚಿದರೆ ಬ್ಲೋವರ್ ಸುಮ್ನೆ ಸದ್ದು ಮಾಡುತ್ತದೆ ಅಷ್ಟೇ, ಅದೂ ದೋಣಿ ವಾಲಿದಾಗ ನೀರು ಪಕ್ಕಕ್ಕೆ ಹರಿಯುತ್ತದೆ. ನೀವು ಎಷ್ಟು ಎತ್ತರ ಬಿಟ್ಟಿದ್ದೀರಿ? ಬ್ಲೋವರನ್ನು ಪೈಪಿನ ಮೇಲ್ತುದಿಯಲ್ಲಿ ಕೂರಿಸಿದ್ದೀರಾ? ಕಾರಿನ ಫ್ಯಾನ್ ಸಲಹೆ ದಯವಿಟ್ಟು ಬೇಡ, ಕಿಡಿಯಿಂದ ಆವಿಗೆ ಬೆಂಕಿ ಹತ್ತದಂತೆ ದೋಣಿಗೆಂದೇ ಮಾಡಿದ್ದನ್ನೇ ಹಾಕುತ್ತೇನೆ. ಫೋಟೋ ಇದ್ದರೆ ಹಾಕಿ.