ಬರ್ಬನ್, ಸ್ಕಾಚ್ ಮನೆಯಲ್ಲೇ ಕಣ್ಣು ಕಟ್ಟಿ ಕುಡಿದು ನೋಡೋದು ಹೇಗೆ? ಭಾವನ ಹತ್ರ ಪಂಥ ಕಟ್ಟಿದ್ದೇನೆ

ಬದಿಯಡ್ಕ_ತೋಟದವ:

ನಮಸ್ಕಾರ ಎಲ್ಲರಿಗೂ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವ, ಅಡಿಕೆ, ಸ್ವಲ್ಪ ರಬ್ಬರ್, ಅಷ್ಟೆ. ಕುಡಿಯೋದು ತಿಂಗಳಿಗೆ ಒಂದೋ ಎರಡೋ ಸಲ, ಅದೂ ಗ್ಲಾಸ್ ತುಂಬ ಸೋಡಾ ಹಾಕಿ, ಹಾಗಾಗಿ ಈವರೆಗೆ ನನಗೆ ಎಲ್ಲ ವಿಸ್ಕಿಯೂ ಒಂದೇ. ಈಗ ಎಂತ ಆಯ್ತು ಅಂದ್ರೆ ಅಕ್ಕನ ಗಂಡ, ನಮ್ಮ ಭಾವ, ದುಬೈಯಿಂದ ರಜೆಗೆ ಬಂದಿದ್ದಾರೆ, ಡ್ಯೂಟಿ ಫ್ರೀಯಲ್ಲಿ ಎರಡೇ ಲೀಟರ್ ಬಿಡೋದಲ್ವಾ, ಒಂದು ಲೀಟರ್ ಮೇಕರ್ಸ್ ಮಾರ್ಕ್ ಬರ್ಬನ್, ಒಂದು ಲೀಟರ್ ಜಾನಿ ವಾಕರ್ ಬ್ಲಾಕ್ ಸ್ಕಾಚ್ ತಂದ್ರು. ಹೋದ ವರ್ಷ ತಂದ ಜಿಮ್ ಬೀಮ್ ವೈಟ್, ಅದೂ ಬರ್ಬನ್, ಕಪಾಟಿನಲ್ಲಿ ಕಾಲು ಬಾಟ್ಲಿ ಉಳಿದದ್ದುಂಟು. ಮತ್ತೆ ನಾನು ಕಾಸರಗೋಡಿಗೆ ಹೋದಾಗ ತಂದ ಟೀಚರ್ಸ್ ಸ್ಕಾಚ್. ಅದನ್ನ ನೋಡಿ ಭಾವ ನೆಗಾಡಿದ್ರು, "ಇದೆಲ್ಲ ಒಂದು ಸ್ಕಾಚಾ, ಇಲ್ಲಿ ತುಂಬಿಸಿದ್ದು, ನನಗೆ ಕಣ್ಣು ಕಟ್ಟಿ ಕೊಟ್ರೂ ಗೊತ್ತಾಗ್ತದೆ" ಅಂತ. ನನ್ನ ಬಾಯಿ ಸುಮ್ಮನಿರ್ಬೇಕಲ್ಲ, "ಹಾಗಾದ್ರೆ ಕಟ್ಟುವ" ಅಂದೆ. ಸೋತವರು ಮೂರು ಹಲಸಿನಹಣ್ಣು ಕೊಯ್ದು ಸೊಳೆ ಬಿಡಿಸ್ಬೇಕು, ಮೇಣ ಸಮೇತ.

ಶನಿವಾರ ರಾತ್ರಿ ಅಂತ ನಿಗದಿ. ಎಂತ ಗ್ಲಾಸ್ ಬೇಕು, ಎಷ್ಟು ಹಾಕ್ಬೇಕು, ಐಸ್ ಹಾಕ್ಬಹುದಾ, ಜೊತೆಗೆ ತಿನ್ಲಿಕ್ಕೆ ಎಂತ ಇಡೋದು, ಮತ್ತೆ ಮುಖ್ಯ ಪ್ರಶ್ನೆ, ಬರ್ಬನ್‌ಗೂ ಸ್ಕಾಚ್‌ಗೂ ನಿಜವಾಗಿ ವ್ಯತ್ಯಾಸ ಎಂತ? ಭಾವನ ಹತ್ರ ಕೇಳಿದ್ರೆ ಮರ್ಯಾದೆ ಹೋಗ್ತದೆ, ಅದಕ್ಕೆ ಇಲ್ಲಿ ಕೇಳ್ತಿದ್ದೇನೆ.

ಸೋಗೆಮಾಡು:

ಮಾರಾಯ್ರೆ, ಕಾಫಿ ಡಿಕಾಕ್ಷನ್ ಗೊತ್ತುಂಟಲ್ಲ, ಹಾಗೆ ಲೆಕ್ಕ ಹಾಕಿ. ಹೊಸ ಪುಡಿ ಹಾಕಿ ಇಳಿಸಿದ ಮೊದಲ ಡಿಕಾಕ್ಷನ್ ಬರ್ಬನ್. ಅದೇ ಪುಡಿಗೆ ಮತ್ತೆ ನೀರು ಹಾಕಿ ನಿಧಾನಕ್ಕೆ ಇಳಿಸಿದ್ದು ಸ್ಕಾಚ್. ಪುಡಿ ಅಂದ್ರೆ ಇಲ್ಲಿ ಪೀಪಾಯಿ. ಅಮೆರಿಕದ ಕಾನೂನು ಪ್ರಕಾರ ಬರ್ಬನ್ ಇಡೋದು ಒಳಗೆ ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯಿಯಲ್ಲೇ, ಬಳಸಿದ್ದು ಆಗೋದಿಲ್ಲ. ಒಂದು ಸಲ ಬಳಸಿದ ಆ ಪೀಪಾಯಿ ಮತ್ತೆ ಎಲ್ಲಿಗೆ ಹೋಗ್ಬೇಕು, ಬಹಳಷ್ಟು ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗ್ತದೆ. ಅಲ್ಲಿ ಓಕ್ ಪೀಪಾಯಿಯಲ್ಲಿ ಕಮ್ಮಿ ಅಂದ್ರೆ 3 ವರ್ಷ ಇಟ್ರೆ ಮಾತ್ರ ಸ್ಕಾಚ್ ಅಂತ ಹೆಸರು. ನಿಮ್ಮ ಬ್ಲಾಕ್ 12 ವರ್ಷದ್ದು, ಅಂದ್ರೆ ಅದರಲ್ಲಿ ಸೇರಿದ ಎಲ್ಲಕ್ಕಿಂತ ಎಳೇದಕ್ಕೂ 12.

ಮರ ಸುಟ್ಟಾಗ ಅದರಲ್ಲಿದ್ದ ಲಿಗ್ನಿನ್ ಒಡೆದು ವೆನಿಲಿನ್ ಆಗ್ತದೆ, ಅದೇ ವೆನಿಲಾ ಪರಿಮಳ. ಅದೇ ಓಕ್‌ನಿಂದ ತೆಂಗಿನಕಾಯಿ ವಾಸನೆಯೂ ಬರ್ತದೆ, ಲವಂಗದ್ದೂ ಬರ್ತದೆ. ಬರ್ಬನ್‌ನಲ್ಲಿ ಇದೆಲ್ಲ ಢಾಳಾಗಿ ಇರ್ತದೆ, ಯಾಕಂದ್ರೆ ಮೊದಲ ಡಿಕಾಕ್ಷನ್ ಅಲ್ವಾ. ಧಾನ್ಯದಲ್ಲಿ ಕಮ್ಮಿ ಅಂದ್ರೆ ನೂರಕ್ಕೆ 51 ಮೆಕ್ಕೆಜೋಳ ಇರ್ಲೇಬೇಕು, ಅದರ ಸಿಹಿ ಬೇರೆ. ಉಳಿದದ್ದರಲ್ಲಿ ಸಾಮಾನ್ಯವಾಗಿ ರೈ ಅನ್ನೋ ಧಾನ್ಯ ಹಾಕ್ತಾರೆ, ಜಿಮ್ ಬೀಮ್‌ನಲ್ಲಿ ಹಾಗೆ, ಸ್ವಲ್ಪ ಕರಿಮೆಣಸಿನ ಖಾರ ಸಿಗ್ತದೆ. ಮೇಕರ್ಸ್ ಮಾರ್ಕ್‌ನಲ್ಲಿ ರೈ ಬದಲು ಗೋಧಿ, ಹಾಗಾಗಿ ಅದು ಮೆತ್ತಗೆ. ಸ್ಕಾಚ್ ಕಡೆ ಬಾರ್ಲಿ, ಅದನ್ನ ಮೊಳಕೆ ಬರಿಸಿ ಒಣಗಿಸುವಾಗ ಕೆಲವರು ಪೀಟ್ ಉರಿಸ್ತಾರೆ, ಅಂದ್ರೆ ಜೌಗು ನೆಲದಿಂದ ಕಡಿದು ಒಣಗಿಸಿದ ಅರೆಕೊಳೆತ ಹುಲ್ಲುಬೇರಿನ ಹೆಂಟೆ, ಆ ಹೊಗೆ ಕಾಳಿಗೆ ಹಿಡೀತದೆ. ನಿಮ್ಮಲ್ಲಿ ರಬ್ಬರ್ ಉಂಟು ಅಂದ್ರಿ, ಶೀಟ್ ಒಣಗಿಸೋ ಹೊಗೆಗೂಡಿಗೆ ಹೋಗಿ ಒಂದು ಸಲ ಉಸಿರೆಳೆದು ಬನ್ನಿ, ಅದೇ ನಿಮ್ಮ ಟ್ಯೂಷನ್.

ಇನ್ನು ಟೀಚರ್ಸ್ ಬಗ್ಗೆ. ನೆಗಾಡ್ಬೇಡಿ ಅಂತ ಭಾವನಿಗೆ ಹೇಳಿ. ಅದು ಅಲ್ಲಿಂದ ದೊಡ್ಡ ಪ್ರಮಾಣದಲ್ಲಿ ತಂದು ಇಲ್ಲಿ ಬಾಟ್ಲಿಗೆ ತುಂಬಿಸೋದು ಹೌದು, ಅದಕ್ಕೇ ಬೆಲೆ ಕಮ್ಮಿ, ಒಳಗಿರೋದು ಸ್ಕಾಚೇ. ಅದರಲ್ಲಿ ಆರ್ಡ್‌ಮೋರ್ ಅನ್ನೋ ಡಿಸ್ಟಿಲರಿಯ ಪೀಟ್ ಹೊಗೆ ಹಿಡಿದ ಮಾಲ್ಟ್, ಅಂದ್ರೆ ಮೊಳಕೆ ಬಾರ್ಲಿಯ ವಿಸ್ಕಿ, ಉಂಟು, ಬ್ಲಾಕ್‌ನಲ್ಲೂ ಹೊಗೆ ಉಂಟು. ಹಾಗಾಗಿ ಭಾವ ಎಡವೋದಾದ್ರೆ ಇಲ್ಲೇ ಎಡವ್ತಾರೆ, ಬರೆದಿಟ್ಟುಕೊಳ್ಳಿ.

ಮಂಜೇಶ್ವರ_ಪ್ಯಾಸೆಂಜರ್:

ಡ್ಯೂಟಿ ಫ್ರೀ ಬಿಲ್ಲು ಬಿಸಾಡ್ಬೇಡಿ ಅಂತ ಭಾವನಿಗೆ ಹೇಳಿ, ಬಾಟ್ಲಿ ಜೊತೆಗೇ ಇರ್ಲಿ. ಮತ್ತೆ ಇದನ್ನ ಓದಿ ಉತ್ಸಾಹ ಬಂದು ಯಾರೂ ತಲಪಾಡಿ ಗಡಿ ದಾಟಿ ಕರ್ನಾಟಕದ ಬಾಟ್ಲಿ ತರ್ಲಿಕ್ಕೆ ಹೊರಡ್ಬೇಡಿ, ಈಚೆ ಕೇರಳದ ಅಬಕಾರಿಯವರು ಬಸ್ಸಿಗೇ ಹತ್ತಿ ಬ್ಯಾಗ್ ನೋಡ್ತಾರೆ. ಇನ್ನೊಂದು, ಶನಿವಾರ ಒಂದನೇ ತಾರೀಕು ಅಲ್ವಲ್ಲ? ಒಂದನೇ ತಾರೀಕಿಗೆ ಕೇರಳದಲ್ಲಿ ಡ್ರೈ ಡೇ, ಏನಾದ್ರೂ ಕಮ್ಮಿ ಬಿದ್ರೆ ಆಕಾಶ ನೋಡ್ಬೇಕಷ್ಟೆ.

ಭಾವ ರಾತ್ರಿ ಅಲ್ಲೇ ಮಲಗ್ತಾರಲ್ಲ? ಗಾಡಿ ಬೀಗದ ಕೈ ಅಕ್ಕನ ಹತ್ರ ಕೊಡಿ.

ಕುಂಬ್ಳೆ_ಕಡಲು:

ಸೋಡಾ ಹಾಕಿ, ಬಂಗುಡೆ ಹುರಿದು ತಿನ್ನಿ, ಕುಡಿದು ಮಲಗಿ. ಮೂಸಿ ನೋಡ್ಲಿಕ್ಕೆ ಅದೆಂತ ಮಲ್ಲಿಗೆಯಾ?

ರಸಾಯನ_ಟೀಚರ್:

ಕಡಲಣ್ಣ, ಬಂಗುಡೆ ಮರುದಿನ. ಅವತ್ತು ಮೀನು, ಉಪ್ಪಿನಕಾಯಿ, ಬೆಳ್ಳುಳ್ಳಿ ಯಾವುದೂ ಮೇಜಿನ ಹತ್ರ ಬರ್ಬಾರ್ದು. ಚುರುಮುರಿ ಬರೀದು, ಮಸಾಲೆ ಹಾಕದ್ದು, ಇಲ್ಲ ಹುರಿಯದ ಗೇರುಬೀಜ, ಸಾಕು. ಊದುಬತ್ತಿ, ಸೊಳ್ಳೆಬತ್ತಿ, ಸೆಂಟು, ಇದನ್ನೂ ದೂರ ಇಡಿ, ಸೊಳ್ಳೆಗೆ ಫ್ಯಾನ್ ಹಾಕ್ಕೊಳ್ಳಿ.

ನಾನು ಶಾಲೆಯಲ್ಲಿ ಕೆಮಿಸ್ಟ್ರಿ ಹೇಳಿಕೊಡೋದು, ಹಾಗಾಗಿ ನನಗೆ ಪಂಥ ಸರಿಯಾಗಿ ನಡೀಬೇಕು ಅಂತ ಆಸೆ. "ಇದು ಯಾವುದು ಹೇಳಿ" ಅಂತ ಕೇಳೋದಕ್ಕಿಂತ ಮೂರು ಗ್ಲಾಸಿನ ಪರೀಕ್ಷೆ ಮಾಡಿ. ಮೂರರಲ್ಲಿ ಎರಡಕ್ಕೆ ಒಂದೇ ವಿಸ್ಕಿ, ಒಂದಕ್ಕೆ ಬೇರೆ, ಬೇರೆಯದ್ದು ಯಾವುದು ಅಂತ ಹೇಳ್ಬೇಕು, ಹೆಸರು ಆಮೇಲೆ. ಸುಮ್ಮನೆ ಊಹಿಸಿದ್ರೂ ಮೂರರಲ್ಲಿ ಒಂದು ಸಲ ಸರಿಯಾಗ್ತದೆ, ಅದಕ್ಕೆ ಒಂದೇ ಸುತ್ತು ಸಾಲ್ದು, ಮೂರು ಸುತ್ತು ಮಾಡಿ, ಮೂರೂ ಬರೀ ಅದೃಷ್ಟದಲ್ಲಿ ಸರಿ ಬರೋದು 27ರಲ್ಲಿ ಒಂದು ಸಲ ಮಾತ್ರ. ಒಂದು ಸುತ್ತು ಎರಡು ಬರ್ಬನ್, ಒಂದು ಸುತ್ತು ಎರಡು ಸ್ಕಾಚ್, ಒಂದು ಸುತ್ತು ಬರ್ಬನ್ ಸ್ಕಾಚ್ ಬೆರಕೆ. ಗ್ಲಾಸಿಗೆ 10 ಎಂಎಲ್ ಧಾರಾಳ, ಮೂರು ಸುತ್ತಿಗೆ ಒಬ್ಬರಿಗೆ 90 ಆಗ್ತದೆ. ಬೇಡದವರು ಬಾಯಲ್ಲಿ ಆಡಿಸಿ ಉಗಿಯಿರಿ, ಅದಕ್ಕೇನೂ ನಾಚಿಕೆ ಇಲ್ಲ.

ಈಗ ಎಲ್ಲರೂ ಮರೆಯೋ ವಿಷಯ. ಮೇಕರ್ಸ್ ಮಾರ್ಕ್ 45 ಪರ್ಸೆಂಟ್, ಇಲ್ಲಿ ಸಿಗೋ ಟೀಚರ್ಸ್ 42.8, ನಿಮ್ಮ ಡ್ಯೂಟಿ ಫ್ರೀ ಬಾಟ್ಲಿಗಳಲ್ಲಿ ಉಳಿದೆರಡು 40 ಇರ್ಬೇಕು, ಲೇಬಲ್ ನೋಡಿ. ಹಾಗೇ ಕೊಟ್ರೆ ಗಂಟಲು ಸುಡೋದ್ರಲ್ಲೇ ಗೊತ್ತಾಗಿಬಿಡ್ತದೆ, ಅದು ರುಚಿ ಕಂಡುಹಿಡಿದದ್ದಲ್ಲ. ಸೂಜಿ ತೆಗೆದ ಸಿರಿಂಜ್ ಒಂದು ಮೆಡಿಕಲ್‌ನಿಂದ ತನ್ನಿ. 10 ಎಂಎಲ್ ಮೇಕರ್ಸ್‌ಗೆ ಒಂದೂಕಾಲು ಎಂಎಲ್ ನೀರು, 10 ಎಂಎಲ್ ಟೀಚರ್ಸ್‌ಗೆ ಮುಕ್ಕಾಲಿಗೆ ಒಂಚೂರು ಕಮ್ಮಿ, ಎಲ್ಲ 40ಕ್ಕೆ ಬರ್ತದೆ. ಐಸ್ ಬೇಡವೇ ಬೇಡ, ತಣ್ಣಗಾದ್ರೆ ಪರಿಮಳ ಮೇಲೇಳೋದೇ ಇಲ್ಲ.

ಬಣ್ಣ ನೋಡಿ ಹೇಳೋ ಕಳ್ಳತನವೂ ಉಂಟು. ಬರ್ಬನ್‌ಗೆ ಬಣ್ಣ ಸೇರಿಸೋ ಹಾಗಿಲ್ಲ, ಸ್ಕಾಚ್‌ಗೆ ಕ್ಯಾರಮೆಲ್ ಹಾಕ್ಬಹುದು, ಅಂತೂ ಬಣ್ಣದಲ್ಲಿ ವ್ಯತ್ಯಾಸ ಕಾಣ್ತದೆ. ಹೊಟ್ಟೆ ಅಗಲ ಬಾಯಿ ಕಿರಿದಾದ ಗ್ಲಾಸ್ ಇದ್ರೆ ಹೊರಗಿಂದ ಕಪ್ಪು ಟೇಪ್ ಸುತ್ತಿ. ಸ್ಟೀಲ್ ಲೋಟದಲ್ಲಿ ಬಣ್ಣ ಅಡಗ್ತದೆ, ಆದ್ರೆ ಬಾಯಿ ಅಗಲ, ಪರಿಮಳ ಓಡಿಹೋಗ್ತದೆ. ಮೂಗನ್ನ ಗ್ಲಾಸಿನೊಳಗೆ ತೂರಿಸ್ಬೇಡಿ, ಬಾಯಿ ಸ್ವಲ್ಪ ತೆರೆದು ದೂರದಿಂದ ಎಳೀರಿ, ಇಲ್ಲಾಂದ್ರೆ ಮದ್ಯಸಾರದ ಘಾಟಿಗೆ ಮೂಗು ಸತ್ತುಹೋಗ್ತದೆ.

ಸೋಗೆಮಾಡು:

ಟೀಚರ್ಸ್ ವಿಷಯದಲ್ಲಿ ಟೀಚರೇ ಬಂದ್ರಲ್ಲ, ಇನ್ನು ನಮ್ಮದೇನಿಲ್ಲ. ಒಂದೇ ಮಾತು ಸೇರಿಸ್ತೇನೆ, ಕಾಲು ಬಾಟ್ಲಿ ಜಿಮ್ ಬೀಮ್ ಒಂದು ವರ್ಷದಿಂದ ನಮ್ಮ ಸೆಕೆಯಲ್ಲಿ ನಿಂತಿದ್ರೆ ಗಾಳಿಗೆ ಸೋತು ಸಪ್ಪೆ ಆಗಿರ್ತದೆ, ಅದನ್ನ ಹೊಸ ಬಾಟ್ಲಿ ಪಕ್ಕ ಇಟ್ಟು ತೂಗೋದು ನ್ಯಾಯ ಅಲ್ಲ. ಇನ್ನು ಮುಂದೆ ಅರ್ಧಕ್ಕೆ ಇಳಿದ ಕೂಡ್ಲೇ ಸಣ್ಣ ಗಾಜಿನ ಬಾಟ್ಲಿಗೆ ಬಾಯಿಮಟ್ಟ ಹಾಕಿ ನೆಟ್ಟಗೆ ನಿಲ್ಲಿಸಿಡಿ. ವೈನ್ ಹಾಗೆ ಮಲಗಿಸಿದ್ರೆ ಬಿರಡೆ ಹಾಳು.

ಬದಿಯಡ್ಕ_ತೋಟದವ:

ಒಂದು ಸಣ್ಣ ಡೌಟು ಟೀಚರೇ, ನೀರು ಯಾವುದು ಹಾಕೋದು? ನಮ್ಮಲ್ಲಿ ಸುರಂಗದ ನೀರು, ಗುಡ್ಡದೊಳಗಿಂದ ಬರೋದು, ಭಾವ ಬಿಸ್ಲೇರಿ ಅಂತಿದ್ದಾರೆ.

ರಸಾಯನ_ಟೀಚರ್:

ಮೊದ್ಲು ನೀರನ್ನೇ ಒಂದು ಗುಟುಕು ಕುಡಿದು ನೋಡಿ, ಅದಕ್ಕೇ ಒಂದು ರುಚಿ ಇದ್ರೆ ಬೇಡ. ಬರ್ಬನ್ ಮಾಡೋ ಅಮೆರಿಕದ ಕೆಂಟಕಿಯವರು ನಮ್ಮದು ಸುಣ್ಣಕಲ್ಲಿನ ನೀರು, ಕಬ್ಬಿಣ ಇಲ್ಲ ಅಂತ ಹೇಳ್ಕೊಳ್ತಾರೆ, ನಮ್ಮದು ಮುರಕಲ್ಲು, ಕಲ್ಲಿನಲ್ಲೇ ಕಬ್ಬಿಣ. ಸುರಂಗದ ನೀರು ಸಾಮಾನ್ಯವಾಗಿ ಒಳ್ಳೇದೇ ಇರ್ತದೆ. ಒಂದೂಕಾಲು ಎಂಎಲ್‌ಗೆ ಇಷ್ಟು ಜಗಳ ಬೇಡ.

ಬದಿಯಡ್ಕ_ತೋಟದವ:

ವರದಿ ಒಪ್ಪಿಸ್ತೇನೆ, ಎರಡು ದಿನ ತಡ ಆಯ್ತು, ಯಾಕೆ ಅಂತ ಕೊನೆಗೆ ಗೊತ್ತಾಗ್ತದೆ.

ಗ್ಲಾಸ್‌ಗಳನ್ನ ತುಂಬಿಸಿದ್ದು ಅಕ್ಕ, ಅಡಿಗೆಮನೆಯಲ್ಲಿ, ನಾವು ಚಾವಡಿಯಲ್ಲಿ. ಬೆರಕೆ ಸುತ್ತಿನಲ್ಲಿ ನಾನೂ ಸರಿ ಭಾವನೂ ಸರಿ, ನನಗೇ ಆಶ್ಚರ್ಯ, ಸೋಡಾ ಇಲ್ಲದೆ ಕುಡಿದ್ರೆ ಬರ್ಬನ್ ಬೇರೆ ಜಾತಿ ಅಂತ ಮಕ್ಕಳಿಗೂ... ಬೇಡ, ಮಕ್ಕಳಿಗೆ ಬೇಡ, ಇಲ್ಲಿ ಕೇರಳದಲ್ಲಿ ಕುಡೀಲಿಕ್ಕೆ 23 ವರ್ಷ ಆಗ್ಬೇಕು. ಬರ್ಬನ್ ಸುತ್ತಿನಲ್ಲೂ ಇಬ್ಬರೂ ಪಾಸು, ಆದ್ರೆ ಸೋಗೆಮಾಡು ಅವರು ಹೇಳಿದ ಹಾಗೆ ಜಿಮ್ ಬೀಮ್ ಸಪ್ಪೆ ಆಗಿತ್ತು, ಅದನ್ನ ಗೆಲುವು ಅಂತ ಹೇಳ್ಲಿಕ್ಕೆ ನಾಚಿಕೆ. ಸ್ಕಾಚ್ ಸುತ್ತಿನಲ್ಲಿ ಇಬ್ಬರೂ ಬಿದ್ದೆವು. ನಾನು ತಪ್ಪು ಗ್ಲಾಸ್ ತೋರಿಸಿದೆ. ಭಾವ ಬೇರೆಯದ್ದನ್ನ ಸರಿಯಾಗಿ ಹಿಡಿದ್ರು, ಹಿಡಿದು, ಮೂಸಿ, ಕಣ್ಣು ಮುಚ್ಚಿ, "ನೋಡು ಈ ಹೊಗೆ, ಈ ಗಾಂಭೀರ್ಯ, ಇದು ಬ್ಲಾಕ್" ಅಂದ್ರು. ಟೀಚರ್ಸ್! ಅಕ್ಕ ಅಡಿಗೆಮನೆಯಿಂದಲೇ ನೆಗಾಡಿದ್ದು ಕೇಳಿತು. ನನಗೆ ಮಾತ್ರ ಎರಡರಲ್ಲೂ ನಮ್ಮ ಹೊಗೆಗೂಡೇ ಸಿಕ್ಕಿತು, ಟೀಚರ್ಸ್‌ನಲ್ಲಿ ಬಾಗಿಲು ತೆರೆದ ಕೂಡ್ಲೇ, ಬ್ಲಾಕ್‌ನಲ್ಲಿ ಅಂಗಳದಾಚೆಯಿಂದ, ಅದರ ಜೊತೆಗೆ ಒಣದ್ರಾಕ್ಷಿ ಹಾಗೆ ಎಂತದೋ ಸಿಹಿ. ಬ್ಲಾಕ್ ಒಳ್ಳೇದು, ಇಲ್ಲ ಅನ್ನೋದಿಲ್ಲ. ಆದ್ರೆ ಇನ್ನು ನನ್ನ ಸ್ವಂತ ದುಡ್ಡಿಗೆ ಟೀಚರ್ಸೇ.

ಇದಲ್ಲ ದೊಡ್ಡ ವಿಷಯ. ಅಕ್ಕ ಕುಡಿಯೋದಿಲ್ಲ. ಸುಮ್ಮನೆ ತಮಾಷೆಗೆ ಮೇಕರ್ಸ್ ಗ್ಲಾಸ್ ಮೂಸ್ಲಿಕ್ಕೆ ಕೊಟ್ಟೆ. ಒಂದು ಸಲ ಮೂಸಿದ್ಲು, ಮತ್ತೊಂದು ಸಲ ಮೂಸಿದ್ಲು, "ಇದು ಅಪ್ಪನ ಕಂಬಳಿ ಅಲ್ವನಾ" ಅಂದ್ಲು. 2003ರ ಹೊತ್ತಿಗೆ ವೆನಿಲಾಕ್ಕೆ ಚಿನ್ನದ ರೇಟು ಬಂದಿತ್ತಲ್ಲ, ನಮ್ಮ ಅಪ್ಪನೂ ಅಡಿಕೆ ಮರದ ಬುಡಕ್ಕೆಲ್ಲ ಬಳ್ಳಿ ಹಬ್ಬಿಸಿ, ಬೆಳಗ್ಗೆ ಬೆಳಗ್ಗೆ ಒಂದೊಂದೇ ಹೂವಿಗೆ ಕಡ್ಡಿಯಲ್ಲಿ ಪರಾಗ ಮುಟ್ಟಿಸಿ, ಕೋಡುಗಳನ್ನ ಬಿಸಿನೀರಿಗೆ ಅದ್ದಿ ಕರಿ ಕಂಬಳಿಯಲ್ಲಿ ಸುತ್ತಿ ಬೆವರಿಸ್ತಿದ್ರು. ಆಮೇಲೆ ರೇಟು ಬಿತ್ತು, ಬಳ್ಳಿ ಕೊಳೀತು, ಕಂಬಳಿ ಮಾತ್ರ ವರ್ಷಗಟ್ಟಲೆ ಪರಿಮಳ ಬರ್ತಿತ್ತು, ಮಳೆಗಾಲದಲ್ಲಿ ನಾವಿಬ್ಬರೂ ಅದನ್ನೇ ಹೊದ್ದು ಮಲಗ್ತಿದ್ದದ್ದು. ನಾನು ಮತ್ತೆ ಮೂಸಿದೆ. ಹೌದು, ಅದೇ.

ಆಮೇಲೆ ಭಾವ ಬಾಕಿ ಮೂರು ಗ್ಲಾಸನ್ನೂ ಅವಳ ಮೂಗಿಗೆ ಹಿಡಿದ್ರು, ಒಂದೂ ತಪ್ಪದೆ ಬೇರೆ ಬೇರೆ ಮಾಡಿಟ್ಲು, ಹೆಸರು ಗೊತ್ತಿಲ್ಲ ಅಷ್ಟೆ.

ಪಂಥದ ತೀರ್ಪು ಅಕ್ಕನೇ ಕೊಟ್ಟದ್ದು. ಇಬ್ಬರೂ ಸೋತದ್ದು, ಹಾಗಾಗಿ ಮೂರಲ್ಲ, ಆರು ಹಣ್ಣು. ಭಾನುವಾರ ಇಡೀ ದಿನ ನಾನೂ ಭಾವನೂ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಅಂಗಳದಲ್ಲಿ ಕೂತಿದ್ವಿ, ಮೇಣ ಫೋನಿಗೂ ಹಿಡಿದಿದೆ, ಅದಕ್ಕೇ ಈ ತಡ. ಹಪ್ಪಳಕ್ಕೆ ಬಲಿತ ಕಾಯಿ ಇನ್ನೂ ನಾಲ್ಕುಂಟು ಅಂತ ಅಕ್ಕ ಈಗ ನೆನಪು ಮಾಡಿದ್ಲು.

ಕುಂಬ್ಳೆ_ಕಡಲು:

ಬಂಗುಡೆ ತಿಂದ್ರಾ ಇಲ್ವಾ, ಅದು ಹೇಳಿ.