ಲ್ಯಾಬ್‌ನಲ್ಲಿ ಅಣು ತಿರುಗುತ್ತಿಲ್ಲ, ಬರೀ ಖಾಲಿ ಚೌಕ ಕಾಣುತ್ತೆ (ಬಗೆಹರಿದಿದೆ)

ಕೆಮಿಸ್ಟ್ರಿ ಮೇಡಂ, ಹಾಸನ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸೆಕೆಂಡ್ ಪಿಯು ಹ್ಯಾಲೊಆಲ್ಕೇನ್ ಪಾಠದಲ್ಲಿ ಪ್ರತಿ ವರ್ಷ ಮಕ್ಕಳು ಒಂದೇ ಜಾಗದಲ್ಲಿ ನಿಂತುಬಿಡುತ್ತಾರೆ. ಕನ್ನಡಿಯಲ್ಲಿ ಕಂಡ ಹಾಗಿರುವ ಎರಡು ಅಣುಗಳು ಯಾಕೆ ಒಂದೇ ಅಲ್ಲ? ಮೊಸರಿನ ಲ್ಯಾಕ್ಟಿಕ್ ಆಮ್ಲವನ್ನು ಬೋರ್ಡ್ ಮೇಲೆ ಬರೆದು ತೋರಿಸುತ್ತೇನೆ. ನಡುವಿನ ಕಾರ್ಬನ್‌ಗೆ ನಾಲ್ಕು ಬೇರೆ ಬೇರೆ ಗುಂಪು. ಆದರೆ ಬೋರ್ಡ್ ಚಪ್ಪಟೆ, ಅಣು ಚಪ್ಪಟೆ ಅಲ್ಲವಲ್ಲ. ಮಕ್ಕಳೇ ಮೌಸ್ ಹಿಡಿದು ತಿರುಗಿಸಿದರೆ ತಲೆಗೆ ಹೋಗುತ್ತೆ.

ಅದಕ್ಕೆ ಎರಡು ಪುಟ ಇಟ್ಟುಕೊಂಡಿದ್ದೆ. ಒಂದು ತುಂಬಾ ಹಳೇದು, ಜೆಮಾಲ್‌ನಲ್ಲಿ (ಅಣುಗಳನ್ನು ತಿರುಗಿಸಿ ತೋರಿಸುವ ಜಾವಾ ಸಾಫ್ಟ್‌ವೇರ್) ಮಾಡಿದ್ದು. ಅಲ್ಲಿ ಪ್ಲಗಿನ್ ಇಲ್ಲ ಅಂತ ಬೂದು ಚೌಕ ಬರುತ್ತೆ. ಇನ್ನೊಂದು ಜೆಎಸ್‌ಮಾಲ್‌ದು, ಅಂದರೆ ಜಾವಾ ಇಲ್ಲದೆ ಬ್ರೌಸರ್‌ನಲ್ಲೇ ಓಡುವ ಜೆಮಾಲ್. ನನ್ನ ಫೋನಿನಲ್ಲಿ ಚೆನ್ನಾಗಿ ತಿರುಗುತ್ತೆ. ಮಳೆಗಾಲದಲ್ಲಿ ಲ್ಯಾಬ್‌ನ ನೆಟ್ ನಂಬೋ ಹಾಗಿಲ್ಲ, ಅದಕ್ಕೆ ಪುಟವನ್ನು ಸೇವ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ದೆ. ಲ್ಯಾಬ್‌ನಲ್ಲಿ ತೆರೆದರೆ ಖಾಲಿ ಚೌಕ, ಬೇರೇನೂ ಇಲ್ಲ. ಎಲ್ಲ ವಿಂಡೋಸ್ 7, ಕ್ರೋಮ್ 109. ಹೊಸ ಕಂಪ್ಯೂಟರ್ ಕೇಳಲೇಬೇಕಾ? ಸೋಮವಾರ ಪಾಠ ಇದೆ.

ಚಿಕ್ಕಮಗಳೂರಿನಿಂದ ಒಬ್ಬರು

ಮೇಡಂ, ಹೊಸ ಕಂಪ್ಯೂಟರ್ ಬೇಡ. ವಿಂಡೋಸ್ 7ಕ್ಕೆ ಬಂದ ಕೊನೇ ಕ್ರೋಮ್ 109, ನಿಜ. ಆದರೆ ಜೆಎಸ್‌ಮಾಲ್‌ಗೆ ಅದು ಧಾರಾಳವಾಗಿ ಸಾಕು. ನಿಮ್ಮ ಎರಡು ಚೌಕಗಳ ಕಾಯಿಲೆ ಬೇರೆ ಬೇರೆ, ಒಂದೇ ಅಂದುಕೊಂಡು ಹುಡುಕಿದರೆ ದಿನವೆಲ್ಲ ಹೋಗುತ್ತೆ.

ಬೂದು ಚೌಕ ಜಾವಾದ್ದು. ಹಳೇ ಜೆಮಾಲ್ ಪುಟಗಳು ಬ್ರೌಸರ್ ಒಳಗೆ ಜಾವಾ ಆ್ಯಪ್ಲೆಟ್ ಆಗಿ ಓಡುತ್ತಿದ್ದವು. ಆ ಪ್ಲಗಿನ್‌ಗಳನ್ನು ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ನಿಲ್ಲಿಸಿದವು. ಈಗ ಜಾವಾ ಎಷ್ಟು ಸಲ ಇನ್‌ಸ್ಟಾಲ್ ಮಾಡಿದರೂ ಆ ಪುಟ ಏಳುವುದಿಲ್ಲ. ದಯವಿಟ್ಟು ಅದಕ್ಕೆ ಸಮಯ ಕಳೆಯಬೇಡಿ.

ಎರಡನೇದಕ್ಕೆ ಎರಡು ವಿಷಯ ತಿಳಿಸಿ. ಲ್ಯಾಬ್‌ನಲ್ಲಿ ಪುಟ ತೆರೆದಾಗ ವಿಳಾಸ ಯಾವ ಪದದಿಂದ ಶುರುವಾಗುತ್ತೆ? ಎಫ್12 ಒತ್ತಿ ಕನ್ಸೋಲ್ ನೋಡಿದರೆ ಕೆಂಪು ಅಕ್ಷರದಲ್ಲಿ ಏನಿದೆ?

ಕೆಮಿಸ್ಟ್ರಿ ಮೇಡಂ, ಹಾಸನ

ವಿಳಾಸ 'ಫೈಲ್' ಅಂತ ಶುರುವಾಗುತ್ತೆ, ಆಮೇಲೆ ಕೋಲನ್, ಮೂರು ಸ್ಲ್ಯಾಶ್. ಕನ್ಸೋಲ್ ಇವತ್ತೇ ಮೊದಲು ತೆರೆದದ್ದು. ಕೆಂಪು ಸಾಲು ಐದಾರು ಇವೆ. ಎಲ್ಲದರಲ್ಲೂ 'ಆರಿಜಿನ್ ನಲ್', 'ಬ್ಲಾಕ್ಡ್ ಬೈ ಕಾರ್ಸ್ ಪಾಲಿಸಿ' ಅಂತಿದೆ.

ಚಿಕ್ಕಮಗಳೂರಿನಿಂದ ಒಬ್ಬರು

ಸಿಕ್ಕಿತು. ಜೆಎಸ್‌ಮಾಲ್ ತನ್ನ ಎಲ್ಲ ಕೋಡನ್ನೂ ಒಂದೇ ಸಲ ತರುವುದಿಲ್ಲ. ಬೇಕಾದಾಗ ಬೇಕಾದ ತುಂಡನ್ನು ಕೇಳಿ ತರಿಸಿಕೊಳ್ಳುತ್ತೆ. ಅಣುವಿನ ಫೈಲೂ ಹಾಗೇ. ಪುಟ ಡಿಸ್ಕ್‌ನಿಂದ ನೇರವಾಗಿ ತೆರೆದಿದ್ದರೆ ಪಕ್ಕದ ಫೈಲ್ ಓದಲು ಕ್ರೋಮ್ ಬಿಡುವುದಿಲ್ಲ. ಕನ್ಸೋಲ್‌ನಲ್ಲಿ ಕಂಡ ಕಾರ್ಸ್ ಅಂದರೆ ಇದೇ, ಸುರಕ್ಷತೆಗೆ ಇಟ್ಟ ನಿಯಮ. ಎಲ್ಲಿಂದಲೋ ಬಂದ ಒಂದು ಪುಟ ನಿಮ್ಮ ಡಿಸ್ಕ್‌ನಲ್ಲಿರುವುದನ್ನೆಲ್ಲ ಓದಬಾರದು ಅಲ್ವಾ? ಕೆಲವರು ಆ ಕಾವಲನ್ನೇ ಆಫ್ ಮಾಡಿ ಕ್ರೋಮ್ ಓಡಿಸಿ ಅನ್ನುತ್ತಾರೆ. ಮಕ್ಕಳು ಕೂರುವ ಲ್ಯಾಬ್‌ನಲ್ಲಿ ಅದು ಬೇಡ.

ಒಂದು ಕಂಪ್ಯೂಟರನ್ನೇ ಪುಟ್ಟ ಸರ್ವರ್ ಮಾಡಿ. ಪೈಥಾನ್ 3.8 ಹಾಕಿ. ವಿಂಡೋಸ್ 7ರಲ್ಲಿ ಅದರ ಮುಂದಿನದು ಓಡುವುದಿಲ್ಲ. ಪುಟ ಇರುವ ಫೋಲ್ಡರ್‌ನಲ್ಲಿ ಶಿಫ್ಟ್ ಒತ್ತಿಕೊಂಡು ರೈಟ್ ಕ್ಲಿಕ್ ಮಾಡಿದರೆ ಕಮಾಂಡ್ ವಿಂಡೋ ತೆರೆಯುವ ಆಯ್ಕೆ ಬರುತ್ತೆ. ಅಲ್ಲಿ 'ಪೈಥಾನ್', ಸ್ಪೇಸ್, 'ಮೈನಸ್ ಎಂ', ಸ್ಪೇಸ್, 'ಎಚ್‌ಟಿಟಿಪಿ ಡಾಟ್ ಸರ್ವರ್', ಸ್ಪೇಸ್, 8000. ಆಮೇಲೆ ಕ್ರೋಮ್‌ನಲ್ಲಿ 'ಲೋಕಲ್‌ಹೋಸ್ಟ್ ಕೋಲನ್ 8000'. ಉಳಿದ ಕಂಪ್ಯೂಟರ್‌ಗಳಲ್ಲಿ ಲೋಕಲ್‌ಹೋಸ್ಟ್ ಬದಲು ಈ ಕಂಪ್ಯೂಟರ್‌ನ ಐಪಿ ವಿಳಾಸ ಹಾಕಿ. ಫೈರ್‌ವಾಲ್ ಕೇಳಿದರೆ ಅನುಮತಿ ಕೊಡಿ. ಹೊರಗಿನ ನೆಟ್ ಹೋದರೂ ಲ್ಯಾಬ್‌ನ ನೆಟ್‌ವರ್ಕ್ ಸ್ವಿಚ್ ಆನ್ ಇದ್ದರೆ ಸಾಕು.

ಕೆಮಿಸ್ಟ್ರಿ ಮೇಡಂ, ಹಾಸನ

ಮಾಡಿದೆ ಸರ್. ಕಾರ್ಸ್ ಸಾಲು ಹೋಯಿತು. ಆದರೆ ಚೌಕ ಇನ್ನೂ ಖಾಲಿ. ಈಗ ಕೆಂಪಿನಲ್ಲಿ 404 ಬರುತ್ತಿದೆ, 'ಜೆ2ಎಸ್' ಅನ್ನೋ ಫೋಲ್ಡರ್ ಹೆಸರು ಕಾಣುತ್ತೆ.

ಬೇಲೂರಿನಿಂದ

ನಡುವೆ ಬಾಯಿ ಹಾಕುತ್ತೇನೆ, ಇದು ನಾನೂ ಅನುಭವಿಸಿದ್ದು. 404 ಅಂದರೆ ಕೇಳಿದ ಫೈಲ್ ಸಿಗಲಿಲ್ಲ ಅಂತ. ಜೆಎಸ್‌ಮಾಲ್‌ನ ಕೋಡ್ ತುಂಡುಗಳು ಇರುವುದು ಆ ಜೆ2ಎಸ್ ಫೋಲ್ಡರ್‌ನಲ್ಲಿ, 'ಸೇವ್ ಆ್ಯಸ್' ಕೊಟ್ಟರೆ ಅದು ಪೂರ್ತಿ ಬರುವುದಿಲ್ಲ ಮೇಡಂ. ಸೋರ್ಸ್‌ಫೋರ್ಜ್ ಅನ್ನುವ ಡೌನ್‌ಲೋಡ್ ಸೈಟ್‌ನಲ್ಲಿ ಜೆಮಾಲ್‌ನ ಜಿಪ್ ಸಿಗುತ್ತೆ. ಅದರೊಳಗೆ ಜೆಎಸ್‌ಮಾಲ್ ಅಂತ ಇನ್ನೊಂದು ಜಿಪ್ ಇರುತ್ತೆ. ಅದನ್ನು ಬಿಚ್ಚಿ ಪುಟದ ಪಕ್ಕ ಇಡಿ. ಪುಟವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು 'ಜೆ2ಎಸ್‌ಪಾತ್' ಎಂಬ ಸಾಲು ಹುಡುಕಿ, ಅಲ್ಲಿರುವ ದಾರಿಯೂ ನಿಮ್ಮ ಫೋಲ್ಡರ್ ಹೆಸರೂ ಒಂದೇ ಇರಲಿ. ಅಣುವಿನ ಫೈಲನ್ನೂ ಬೇರೆಯಾಗಿ ಇಳಿಸಿಕೊಳ್ಳಿ, ಅದೂ ಸೇವ್‌ನಲ್ಲಿ ಬಂದಿರುವುದಿಲ್ಲ. ಮುಂದೆ ಕಾಲೇಜಿನ ವೆಬ್‌ಸೈಟ್‌ಗೆ ಹಾಕಿದರೆ ದೊಡ್ಡಕ್ಷರ ಚಿಕ್ಕಕ್ಷರ ಕೂಡ ನೋಡಿಕೊಳ್ಳಿ. ವಿಂಡೋಸ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಲಿನಕ್ಸ್ ಸರ್ವರ್ ತೆಗೆದುಕೊಳ್ಳುತ್ತೆ.

ಕೆಮಿಸ್ಟ್ರಿ ಮೇಡಂ, ಹಾಸನ

ಬಂತು! ಕಪ್ಪು ಚೌಕದಲ್ಲಿ ಕೆಂಪು ಆಕ್ಸಿಜನ್, ಬಿಳಿ ಹೈಡ್ರೋಜನ್. ಮೌಸ್ ಎಳೆದರೆ ತಿರುಗುತ್ತಿದೆ. ಎರಡು ಅನುಮಾನ ಉಳಿದಿವೆ. ಆ ಹಳೇ ಜಾವಾ ಪುಟದಲ್ಲಿ ನನ್ನದೇ ಬಟನ್‌ಗಳಿವೆ, ಪೂರ್ತಿ ಬಿಟ್ಟುಬಿಡಬೇಕಾ? ಇನ್ನೊಂದು, 3ಡಿಮಾಲ್ (ಇದೂ ಅಣು ತೋರಿಸುವ ಸಾಫ್ಟ್‌ವೇರ್) ಬಳಸಿದ ಬೇರೆ ಒಂದು ಪುಟ ಎರಡು ಕಂಪ್ಯೂಟರ್‌ಗಳಲ್ಲಿ ಮಾತ್ರ ಬರುವುದಿಲ್ಲ.

ಚಿಕ್ಕಮಗಳೂರಿನಿಂದ ಒಬ್ಬರು

ಬಿಡಬೇಡಿ. ಆ ಪುಟದಲ್ಲಿ 'ಜೆಮಾಲ್ ಡಾಟ್ ಜೆಎಸ್' ಕರೆಯುವ ಸಾಲು ತೆಗೆದು ಎರಡು ಸಾಲು ಹಾಕಿ: ಮೊದಲು 'ಜೆಎಸ್‌ಮಾಲ್ ಡಾಟ್ ಮಿನ್ ಡಾಟ್ ಜೆಎಸ್', ಆಮೇಲೆ 'ಜೆಮಾಲ್2 ಡಾಟ್ ಜೆಎಸ್'. ಎರಡೂ ನೀವು ಬಿಚ್ಚಿದ ಜಿಪ್‌ನಲ್ಲೇ ಇವೆ. ಹಳೇ ಪುಟಗಳಿಗೆ ಅಂತಲೇ ಕೊಟ್ಟಿದ್ದು, ನಿಮ್ಮ ಬಟನ್‌ಗಳನ್ನು ಮತ್ತೆ ಬರೆಯಬೇಕಾಗಿಲ್ಲ.

3ಡಿಮಾಲ್‌ಗೆ ವೆಬ್‌ಜಿಎಲ್ ಬೇಕು, ಅಂದರೆ ಗ್ರಾಫಿಕ್ಸ್ ಚಿಪ್ ಬಳಸಿ ಬ್ರೌಸರ್‌ನಲ್ಲಿ 3ಡಿ ಚಿತ್ರ ಬಿಡಿಸುವ ವ್ಯವಸ್ಥೆ. ಜೆಎಸ್‌ಮಾಲ್‌ಗೆ ಬೇಡ, ಬ್ರೌಸರ್‌ನ ಸಾದಾ ಚಿತ್ರಹಾಳೆ (ಕ್ಯಾನ್ವಾಸ್) ಸಾಕು. ಆ ಎರಡು ಕಂಪ್ಯೂಟರ್‌ಗಳಲ್ಲಿ ಕ್ರೋಮ್ ಸೆಟ್ಟಿಂಗ್ಸ್‌ನ ಹಾರ್ಡ್‌ವೇರ್ ಆಕ್ಸಲರೇಷನ್ ಆನ್ ಇದೆಯಾ ನೋಡಿ, ಆಮೇಲೆ ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿ. ಆಗಲೂ ಬರದಿದ್ದರೆ ಅವೆರಡರಲ್ಲಿ ಜೆಎಸ್‌ಮಾಲ್ ಪುಟವನ್ನೇ ತೆರೆಯಿರಿ. ಸಣ್ಣ ಅಣುಗಳಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ನಮ್ಮೂರಿನ ಮಕ್ಕಳಿಗೆ ನಾನು ಕೆಫೀನ್ ತೋರಿಸುತ್ತೇನೆ, 24 ಪರಮಾಣು, ಸಲೀಸಾಗಿ ತಿರುಗುತ್ತೆ. ಹಿಮೋಗ್ಲೋಬಿನ್ ತೆರೆದರೆ ಮಾತ್ರ ಹಳೇ ಯಂತ್ರ ಎಳೆದಾಡುತ್ತೆ. ಅದರಲ್ಲಿ 574 ಅಮೈನೊ ಆಮ್ಲಗಳಿವೆ. ಅದಕ್ಕೆ ಮೇಲ್ಮೈ ಚಿತ್ರ ಬೇಡ, ರಿಬ್ಬನ್ ಚಿತ್ರ ಸಾಕು.

ಕೆಮಿಸ್ಟ್ರಿ ಮೇಡಂ, ಹಾಸನ

ಸೋಮವಾರ ಪಾಠ ಆಯಿತು. ಒಂದು ಕಂಪ್ಯೂಟರ್‌ನಲ್ಲಿ ಆಕ್ಸಲರೇಷನ್ ಆನ್ ಮಾಡಿದ ಕೂಡಲೇ 3ಡಿಮಾಲ್ ಬಂತು. ಇನ್ನೊಂದರಲ್ಲಿ ಬರಲಿಲ್ಲ, ಅಲ್ಲಿ ಜೆಎಸ್‌ಮಾಲ್‌ನಲ್ಲೇ ಮುಗಿಸಿದೆವು. ಎರಡು ಲ್ಯಾಕ್ಟಿಕ್ ಆಮ್ಲಗಳನ್ನು ಪಕ್ಕಪಕ್ಕ ಇಟ್ಟಿದ್ದೆ. ಕೊನೇ ಬೆಂಚಿನ ಒಬ್ಬಳು ಒಂದನ್ನು ಹತ್ತು ನಿಮಿಷ ತಿರುಗಿಸಿದಳು. ಹೈಡ್ರೋಜನ್ನೂ ಓಎಚ್ಚೂ ಹೊಂದಿದರೆ ಉಳಿದ ಎರಡು ಗುಂಪು ಅದಲು ಬದಲು. ಅವನ್ನು ಹೊಂದಿಸಿದರೆ ಇವು ತಪ್ಪುತ್ತವೆ. ಆಮೇಲೆ ಮೌಸ್ ಬಿಟ್ಟು ಎರಡು ಅಂಗೈಗಳನ್ನು ಒಂದರ ಮೇಲೊಂದು ಇಟ್ಟು, "ಮಿಸ್, ಹೆಬ್ಬೆರಳು ಆ ಕಡೆ ಹೋಗುತ್ತೆ" ಅಂದಳು.

ಫೋಲ್ಡರನ್ನು ಲ್ಯಾಬ್‌ನ ಮೊದಲ ಕಂಪ್ಯೂಟರ್‌ನಲ್ಲೇ ಇಟ್ಟಿದ್ದೇನೆ. ಕಮಾಂಡನ್ನು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿದ್ದೇನೆ, ಬಯಾಲಜಿ ಸರ್‌ಗೂ ಬೇಕಂತೆ.