ಸೀನನಿಗೆ ಆನೆ ಕೋವಿ ಬೇಕಂತೆ

ನಮ್ಮ ಸೀನನಿಗೆ ಒಂದೊಂದು ಕಾಲಕ್ಕೆ ಒಂದೊಂದು ಹುಚ್ಚು. ಮೊದಲು ಗೇರ್ ಸೈಕಲ್ಲು, ಆಮೇಲೆ ಮನೆಯಲ್ಲೇ ಬ್ರೆಡ್ಡು ಸುಡುವುದು. ಈಗ ಹಿಡಿದಿರುವುದು ಕೋವಿಯ ಹುಚ್ಚು. ಅದೂ ಸುಮ್ನೆ ಯಾವುದೋ ಕೋವಿ ಅಲ್ಲ. ಆಫ್ರಿಕಾದಲ್ಲಿ ಆನೆ, ಕಾಡೆಮ್ಮೆ ಹೊಡೆಯುವ ದಪ್ಪ ತೋಟಾದ ರೈಫಲ್ಲು. ಅದಕ್ಕೆ ಮರದ ಹಿಡಿಯ ಬದಲು ಮಿಲಿಟರಿಯವರ ಸ್ನೈಪರ್ ರೈಫಲ್ಲಿಗೆ ಇರುತ್ತಲ್ಲ, ಅಂಥ ಕಪ್ಪು ಅಲ್ಯೂಮಿನಿಯಂ ಸ್ಟಾಕು. ಸ್ಟಾಕು ಅಂದರೆ ಹಿಡಿ, ಲೋಹದ್ದಾದರೆ ಚಾಸಿ ಅಂತಾರೆ. ಹೇಳಿ ಮಾಡಿಸಿದ್ದು. ರಾತ್ರಿಯೆಲ್ಲ ಇವುಗಳ ವಿಡಿಯೋ ನೋಡಿ, ಬೆಳಗ್ಗೆ ಆಫೀಸಿನ ಮೀಟಿಂಗಿನಲ್ಲಿ ತೂಕಡಿಸುತ್ತಾನೆ. ಜಿರಲೆ ಕಂಡರೆ ಮಂಚ ಹತ್ತುವ ಪ್ರಾಣಿ ಇದು.

ಶನಿವಾರ ಸಂಜೆ ಗಾಂಧಿ ಬಜಾರಿನ ದರ್ಶಿನಿಯಲ್ಲಿ ನಾವೆಲ್ಲ ನಿಂತುಕೊಂಡು ವಡೆ ಮುರಿಯುತ್ತಿದ್ದಾಗ, ಸೀನ ಲೋಕಿಯ ಮೂಗಿನ ಕೆಳಗೆ ಫೋನ್ ಹಿಡಿದ. ಲೋಕಿಗೆ ಪೀಣ್ಯದಲ್ಲಿ ಮೆಷಿನ್ ಶಾಪಿದೆ.

"ಇಂಥ ಅಲ್ಯೂಮಿನಿಯಂ ಚಾಸಿ ನಿನ್ನ ಶೆಡ್ಡಿನಲ್ಲಿ ಮಾಡೋಕೆ ಆಗುತ್ತಾ?"

ಲೋಕಿ ಎಣ್ಣೆ ಬೆರಳಿನಲ್ಲೇ ಫೋಟೋ ಹಿಗ್ಗಿಸಿ ನೋಡಿದ. "ಯಾಕಾಗಲ್ಲ? ಒಂದು ಬ್ಲಾಕು, ಸಿಎನ್‌ಸಿ ಮೆಷಿನ್ನು, ಆಮೇಲೆ ಕಪ್ಪು ಅನೋಡೈಸಿಂಗು. ಆದರೆ ಲೈಸೆನ್ಸ್ ಇಲ್ಲದೆ ಕೋವಿಯ ಭಾಗಕ್ಕೆ ಕೈ ಹಾಕಿದರೆ ಪೊಲೀಸರು ಶೆಡ್ಡಿಗೆ ಬೀಗ ಹಾಕಿ, ಕೀಲಿಕೈ ಜೊತೆ ನನ್ನನ್ನೂ ಕರ್ಕೊಂಡು ಹೋಗುತ್ತಾರೆ. ಪಂಪಿನ ಫ್ಲೇಂಜು ಬೇಕಾದರೆ ಹೇಳು."

"ಮೊದಲು ಯಾವ ತೋಟಾ ಅಂತ ಹೇಳಪ್ಪ" ಅಂದ ಬೋಪಣ್ಣ. ನಮ್ಮ ಗುಂಪಿನಲ್ಲಿ ನಿಜವಾದ ಕೋವಿ ಹಿಡಿದಿರುವವನು ಇವನೊಬ್ಬನೇ. ಕೊಡಗಿನವನು. ಅಲ್ಲಿ ಕೊಡವರಿಗೂ ಜಮ್ಮಾ ಅನ್ನುವ ಹಳೇ ಜಮೀನು ಹಕ್ಕಿನವರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬಕ್ಕೆ ಊರಿಗೆ ಹೋಗಿ, ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಈಡು ಹೊಡೆದು ಬರುತ್ತಾನೆ. ಕಾಯಿ ಒಡೆಯಿತಾ ಅಂತ ಕೇಳಿದರೆ ಮಾತು ಬದಲಾಯಿಸುತ್ತಾನೆ.

"ನಾಲ್ಕು ಹದಿನಾರು ರಿಗ್ಬಿ" ಅಂದ ಸೀನ, ದೇವರ ಹೆಸರು ಹೇಳುವ ಧಾಟಿಯಲ್ಲಿ. ".416. ಅಂದರೆ ಗುಂಡಿನ ದಪ್ಪ, ಇಂಚಿನಲ್ಲಿ. ರಿಗ್ಬಿ ಲಂಡನ್ನಿನ ಕೋವಿ ಕಂಪನಿ. ಈ ತೋಟಾ 1911ರಲ್ಲಿ ಬಂದಿದ್ದು. ಗುಂಡೇ 26 ಗ್ರಾಂ. ಸೆಕೆಂಡಿಗೆ ಸುಮಾರು 730 ಮೀಟರ್ ಓಡುತ್ತೆ. ಹತ್ತಿರ ಹತ್ತಿರ 6,900 ಜೌಲ್ ಶಕ್ತಿ. ನಮೀಬಿಯಾದಲ್ಲಿ ಆನೆ, ಕಾಡೆಮ್ಮೆಗೆ ಕಾನೂನು ಕೇಳೋದು ಕನಿಷ್ಠ 5,400 ಜೌಲ್. ನಂದು ಆರಾಮಾಗಿ ಪಾಸು."

ಇನ್ನೂ ಕೊಂಡೇ ಇಲ್ಲ, ಆಗಲೇ "ನಂದು".

"ನೀನು ನಮೀಬಿಯಾಕ್ಕೆ ಯಾವಾಗ ಹೋಗ್ತೀಯೋ?" ಮೇಷ್ಟ್ರು ಕೇಳಿದರು. ಇತಿಹಾಸ ಪಾಠ ಮಾಡಿ ರಿಟೈರಾದವರು, ಕೇಳಿಯೂ ಕೇಳದ ಹಾಗೆ ಕಾಫಿ ಕುಡಿಯುತ್ತಾರೆ. "ಇಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೇ ಷಿಕಾರಿಯ ಕಾಲ ಮುಗೀತು."

"ಅಕಸ್ಮಾತ್ ಚಿರತೆ ಬಂದರೆ ಮೇಷ್ಟ್ರೇ? ನಮ್ಮ ಅಪಾರ್ಟ್‌ಮೆಂಟಿಂದ ಬನ್ನೇರುಘಟ್ಟ ದೂರ ಇಲ್ಲ."

"2016ರಲ್ಲಿ ಕುಂದಲಹಳ್ಳಿ ಕಡೆ ಸ್ಕೂಲಿಗೇ ಬಂದಿತ್ತಲ್ಲ. ಅರಣ್ಯ ಇಲಾಖೆಯವರು ಅರಿವಳಿಕೆ ಕೊಟ್ಟು ಹಿಡಿದುಕೊಂಡು ಹೋದರು. ನಿನ್ನ .416 ಎಲ್ಲಿದೆ ಅಂತ ಯಾರೂ ಕೇಳಲಿಲ್ಲ."

ಹೋಗಲಿ, ಆ ಕಪ್ಪು ಸ್ಟಾಕು ಯಾಕೆ ಬೇಕು ಅಂತ ನಾನು ಕೇಳಿದೆ. ಕೇಳಬಾರದಿತ್ತು ಅಂತೇನಲ್ಲ, ಆದರೆ ಇನ್ನೊಂದು ಕಾಫಿ ಹೇಳಿಬಿಟ್ಟು ಕೇಳಬೇಕಿತ್ತು. ಸೀನ ತೋಳು ಮಡಚಿದ. ವಾಲ್‌ನಟ್ ಮರ ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಕುಗ್ಗುತ್ತೆ. ಮರ ಅಲುಗಿ ನಳಿಗೆಯನ್ನು ಒತ್ತಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತೆ. ದೊಡ್ಡ ತೋಟಾದ ಒದೆತಕ್ಕೆ ಮರ ಸೀಳುವುದೂ ಉಂಟು. ಅದಕ್ಕೇ ಅಡ್ಡಡ್ಡ ಉಕ್ಕಿನ ಬೋಲ್ಟು ಹಾಕಿರುತ್ತಾರೆ. ಅಲ್ಯೂಮಿನಿಯಮ್ಮಿಗೆ ಈ ತಾಪತ್ರಯ ಯಾವುದೂ ಇಲ್ಲ. ಕೆನ್ನೆ ಇಡುವ ಪಟ್ಟಿಯನ್ನು ಮೇಲೆ ಕೆಳಗೆ ಮಾಡಬಹುದು, ಉದ್ದವನ್ನು ಹೆಚ್ಚು ಕಡಿಮೆ ಮಾಡಬಹುದು, ಬೇಡ ಅಂದಾಗ ಮಡಚಿ ಇಡಬಹುದು.

ಇದರಲ್ಲಿ ಒಂದೂ ಸುಳ್ಳಲ್ಲ. ಬೋಪಣ್ಣನೂ ತಲೆ ಆಡಿಸಿದ. ಆದರೆ ಅವನ ತಕರಾರು ಬೇರೆ.

"ನೋಡು, ಲಂಡನ್ನಿನ ಹಳೇ ಅಂಗಡಿಗಳಲ್ಲಿ ಅಳತೆ ಕೋವಿ ಅಂತ ಇರುತ್ತೆ. ಅದರ ಹಿಡಿಗೆಲ್ಲ ಕೀಲು. ಅದನ್ನ ನಿನ್ನ ಹೆಗಲಿಗೆ ಕೊಟ್ಟು, ಕತ್ತು ಎಷ್ಟು ಉದ್ದ, ಕೆನ್ನೆ ಎಷ್ಟು ದಪ್ಪ, ತೋಳು ಎಷ್ಟು, ಎಲ್ಲ ಅಳೆದು ಆಮೇಲೆ ಮರ ಕೆತ್ತುತ್ತಾರೆ. ಚಿಕ್ಕಪೇಟೆಯಲ್ಲಿ ದರ್ಜಿ ಸೂಟಿಗೆ ಅಳತೆ ತಗೊಂಡ ಹಾಗೆ. ಕೋವಿ ಎತ್ತಿದರೆ ಸಾಕು, ಕಣ್ಣು ತಾನಾಗೇ ಗುರಿಯ ಮೇಲೆ ಬರಬೇಕು."

"ಸೀನನದು?" ಲೋಕಿ ಕೇಳಿದ.

"ಎಲಾಸ್ಟಿಕ್ ಪ್ಯಾಂಟು. ಯಾರು ಬೇಕಾದರೂ ಹಾಕ್ಕೋಬಹುದು."

ಸೀನನಿಗೆ ರೇಗಿತು. "ಒದೆತದ ವಿಷಯ ಹೇಳು ನೋಡೋಣ! ನೇರ ಸ್ಟಾಕಿಗೆ ನಳಿಗೆ ಮೇಲಕ್ಕೆ ಏಳಲ್ಲ. ನಿಮ್ಮ ಇಳಿಜಾರು ಮರದ ಹಿಡಿ ಕೆನ್ನೆಗೆ ಹೊಡೆಯುತ್ತೆ."

ಬಾಯಲ್ಲಿ ಹೇಳಿದರೆ ಬಗೆಹರಿಯಲ್ಲ ಅಂತ ಬೋಪಣ್ಣ ಮೇಷ್ಟ್ರ ಕೊಡೆ ಇಸಕೊಂಡ. ಹಳೇ ಕಾಲದ ಉದ್ದ ಕೊಡೆ, ಡೊಂಕು ಹಿಡಿ. ಆ ಡೊಂಕನ್ನು ಸೀನನ ಭುಜಕ್ಕೆ ಒತ್ತಿ ಹಿಡಿಸಿ, ಕೋಲು ಕೆನ್ನೆಯ ಪಕ್ಕ ಬರುವ ಹಾಗೆ ನಿಲ್ಲಿಸಿ, ತುದಿಯಿಂದ ಒಮ್ಮೆ ಫಟ್ ಅಂತ ನೂಕಿದ. ಭುಜಕ್ಕೆ ತಾಗಿದ ಜಾಗ ಕೋಲಿಗಿಂತ ಕೆಳಗಿತ್ತಲ್ಲ, ಹಾಗಾಗಿ ಕೊಡೆ ನೇರ ಹಿಂದೆ ಹೋಗದೆ ತುದಿ ಮೇಲಕ್ಕೆ ಜಿಗಿಯಿತು. ಕೋಲು ಸೀನನ ಕೆನ್ನೆಗೆ ಬಡಿಯಿತು. ಕನ್ನಡಕ ಮೂಗಿನಿಂದ ಜಾರಿ ಚಟ್ನಿಯೊಳಗೆ ಒಂದು ಕಾಲಿಟ್ಟು ನಿಂತಿತು.

"ನೋಡಿದ್ರಾ? ನಾನು ಹೇಳಿದ್ದೇ ಸರಿ" ಅಂದ ಸೀನ, ಚಟ್ನಿ ಒರೆಸಿಕೊಳ್ಳುತ್ತಾ.

"ತಡಿ, ಇನ್ನೊಂದಿದೆ." ಬೋಪಣ್ಣ ಕ್ಲೀನಿಂಗ್ ಹುಡುಗನ ಕೈಯಿಂದ ನೆಲ ಒರೆಸುವ ಕೋಲು ತಗೊಂಡ. ಇದು ನೆಟ್ಟಗೆ, ಹಿಡಿಯಲ್ಲಿ ಡೊಂಕಿಲ್ಲ. ಭುಜಕ್ಕಿಟ್ಟು ನೂಕಿದ. ತುದಿ ಏಳಲಿಲ್ಲ. ಕೆನ್ನೆಗೂ ಏನೂ ಆಗಲಿಲ್ಲ. ಸೀನ ಮಾತ್ರ ಹಿಂದಕ್ಕೆ ಹೋಗಿ, ಕೇಸರಿಭಾತ್ ಹಿಡಿದುಕೊಂಡಿದ್ದ ಯಜಮಾನರೊಬ್ಬರಿಗೆ ಒರಗಿ ನಿಂತ. ಅವರು "ಸ್ವಲ್ಪ ನೋಡ್ಕೊಳ್ರೀ" ಅಂದರು. ಕೇಸರಿಭಾತ್ ಬೀಳಲಿಲ್ಲ, ಅನುಭವಸ್ಥರು.

"ಒದೆತ ಎಲ್ಲೂ ಹೋಗಲ್ಲ ಗುರು" ಅಂದ ಬೋಪಣ್ಣ. "ಕೆನ್ನೆಯಿಂದ ಭುಜಕ್ಕೆ ವರ್ಗ ಆಗುತ್ತೆ, ಅಷ್ಟೇ. ಅಲ್ಲದೆ ಹಿಡಿ ನೇರ ಆದರೆ ಕಣ್ಣು ನಳಿಗೆಗಿಂತ ಎತ್ತರದಲ್ಲಿ ನಿಲ್ಲುತ್ತೆ. ಅದಕ್ಕೆ ಗುರಿ ನೋಡುವ ದುರ್ಬೀನನ್ನ ಎತ್ತರದಲ್ಲಿ ಕೂರಿಸಬೇಕು. ಮರದ ಹಿಡಿಯ .416 ನಾಲ್ಕೂವರೆ ಕೆಜಿ ಆಸುಪಾಸು. ನಿನ್ನ ಚಾಸಿ, ದುರ್ಬೀನು, ಎರಡು ಕಾಲಿನ ಸ್ಟ್ಯಾಂಡು ಎಲ್ಲ ಸೇರಿದರೆ ಆರು ಏಳು ಕೆಜಿ. ಹೊಡೆಯುವ ಆ ಒಂದು ಕ್ಷಣಕ್ಕೆ ತೂಕ ಒಳ್ಳೇದೇ, ಒದೆತ ತಗ್ಗುತ್ತೆ. ಮಿಕ್ಕ ಹೊತ್ತೆಲ್ಲ ಅದನ್ನ ಹೊತ್ತುಕೊಂಡು ಬಿಸಿಲಲ್ಲಿ ನಡೀಬೇಕಲ್ಲ? ಗಾಯವಾದ ಕಾಡೆಮ್ಮೆ ಪೊದೆಯಿಂದ ನುಗ್ಗಿದಾಗ ಹತ್ತಿಪ್ಪತ್ತು ಹೆಜ್ಜೆ ದೂರ ಇರುತ್ತೆ. ಆಗ ಕೆನ್ನೆ ಪಟ್ಟಿಯ ಸ್ಕ್ರೂ ತಿರುಗಿಸ್ತೀಯಾ?"

"ದುರ್ಬೀನಿಗೆ ಕಣ್ಣು ತೀರಾ ಹತ್ತಿರ ಇಟ್ಟರೆ ಇನ್ನೊಂದು ಮಜಾ" ಅಂತ ಲೋಕಿ ಸೇರಿಸಿದ. "ಒದೆತಕ್ಕೆ ಅದರ ಅಂಚು ಹುಬ್ಬಿನ ಮೇಲೆ ಅರ್ಧಚಂದ್ರ ಬರೆಯುತ್ತೆ. ನಾನೂ ವಿಡಿಯೋ ನೋಡಿದೀನಿ."

ನನಗೂ ಬೋಪಣ್ಣನ ಮಾತೇ ಸರಿ ಅನ್ನಿಸುತ್ತೆ. ದೂರದ ಗುರಿಗೆ ಮಲಗಿಕೊಂಡು ಹೊಡೆಯುವುದಾದರೆ ಮಿಲಿಟರಿ ಸ್ಟಾಕಿನಂಥದ್ದು ಇನ್ನೊಂದಿಲ್ಲ. ಎದ್ದು ನಿಂತು, ಹತ್ತಿರದಲ್ಲಿ, ಎದೆ ಡವಗುಟ್ಟುವಾಗ ಹೊಡೆಯುವುದಾದರೆ ಮರವೇ ವಾಸಿ. ಆದರೆ ಸೀನನನ್ನು ಕೆಲವರು ಬೇರೆ ಕಾರಣಕ್ಕೆ ಬೈಯುತ್ತಾರೆ. ಷಿಕಾರಿ ಕೋವಿಗೆ ಸಿಪಾಯಿ ವೇಷ ಹಾಕಿ ಅದರ ಮಾನ ಕಳೆದರು ಅಂತ. ಅದು ಮಾತ್ರ ಶುದ್ಧ ಒಣಜಂಬ. ಇಲ್ಲಿ ಮೇಷ್ಟ್ರು ಲೋಟ ಕೆಳಗಿಟ್ಟರು. ಅವರು ಲೋಟ ಇಟ್ಟರೆ ಪೀರಿಯಡ್ ಶುರು ಅಂತ ಅರ್ಥ.

"ಯಾವ ಷಿಕಾರಿ ಕೋವಿಗೆ ಸಿಪಾಯಿ ನೆಂಟಸ್ತನ ಇಲ್ಲ, ಹೇಳ್ರಪ್ಪ. ಇವನ ರಿಗ್ಬಿಯನ್ನೇ ತಗೊಳ್ಳಿ. ಜಾನ್ ರಿಗ್ಬಿ ಎನ್‌ಫೀಲ್ಡಿನ ಸರ್ಕಾರಿ ಬಂದೂಕು ಕಾರ್ಖಾನೆಗೇ ಮುಖ್ಯಸ್ಥ ಆಗಿದ್ದವನು. ಅವನ ಕಂಪನಿ ಷಿಕಾರಿ ರೈಫಲ್ಲು ಕಟ್ಟಿದ್ದು ಯಾವುದರ ಮೇಲೆ? ಮೌಸರ್ ಮೇಲೆ. ಜರ್ಮನ್ ಸೈನ್ಯಕ್ಕೆ 1898ರಲ್ಲಿ ಬಂದ ಮೌಸರ್ರು. ತೋಟಾವನ್ನ ನಳಿಗೆಯೊಳಗೆ ತಳ್ಳುವ ಅದರ ಬೋಲ್ಟಿನ ಪಕ್ಕ ಉದ್ದನೆಯ ಕೊಕ್ಕೆ ಇದೆ. ತೋಟಾ ಮ್ಯಾಗಜೀನಿನಿಂದ ಮೇಲೆ ಬಂದ ಕೂಡಲೇ ಅದರ ಅಂಚನ್ನ ಹಿಡಿದುಕೊಳ್ಳುತ್ತೆ, ಹೊರಗೆ ಎಸೆಯುವ ತನಕ ಬಿಡಲ್ಲ. ಕಂದಕದ ಕೆಸರಿನಲ್ಲಿ ಸಿಪಾಯಿಗೆ ಯಾವುದು ಕೈಕೊಡಲಿಲ್ಲವೋ ಅದೇ ಕಾಡಿನಲ್ಲಿ ಷಿಕಾರಿಗೂ ಬೇಕಾಯ್ತು."

"ಜಿಮ್ ಕಾರ್ಬೆಟ್ಟಿಂದೂ ರಿಗ್ಬಿನೇ ಅಲ್ವಾ?" ಅಂದೆ.

"ಹೌದು. ಚಂಪಾವತದ ನರಭಕ್ಷಕ ಹುಲಿಯನ್ನ 1907ರಲ್ಲಿ ಹೊಡೆದದ್ದಕ್ಕೆ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಹ್ಯೂವೆಟ್ ಸಾಹೇಬ ಕೊಟ್ಟಿದ್ದು. ಹಿಡಿಯ ಮೇಲೆ ಬೆಳ್ಳಿ ತಗಡು ಕೂರಿಸಿ ಬರೆಸಿದ್ದಾರೆ. ಅದು .275. ಅಂದರೆ 7 ಮಿಲಿಮೀಟರಿನ ಮೌಸರ್ ತೋಟಾ. ಅದೇ ತೋಟಾ ಹಾಕಿಕೊಂಡು ದಕ್ಷಿಣ ಆಫ್ರಿಕಾದ ಡಚ್ ಮೂಲದ ಬೋಯರರು ಇಂಗ್ಲಿಷರನ್ನ ಗೋಳು ಹೊಯ್ದುಕೊಂಡಿದ್ದರು. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ಹತ್ತಿರ ಇದ್ದದ್ದು .405 ವಿಂಚೆಸ್ಟರ್, 1895ರ ಮಾಡೆಲ್ಲು. ಅದೇ ಮಾಡೆಲ್ಲನ್ನ ತೋಟಾ ಬದಲಾಯಿಸಿ, ಮೊದಲ ಮಹಾಯುದ್ಧಕ್ಕೆ ರಷ್ಯಾದ ಝಾರ್ ಸರ್ಕಾರ ಸುಮಾರು ಮೂರು ಲಕ್ಷ ತರಿಸಿಕೊಂಡಿತು."

"ಅಂದರೆ ಎಲ್ಲ ಸೈನ್ಯದ್ದೇ ಉಪಕಾರ?"

"ಎಲ್ಲಿ? ಅವರೂ ಇಸಕೊಂಡಿದಾರೆ. ಸೀನನ .416 ಇದೆಯಲ್ಲ, ಅದರ ಹಿತ್ತಾಳೆ ಕವಚವನ್ನೇ ಬಲಪಡಿಸಿ, ಕತ್ತು ಕಿರಿದು ಮಾಡಿ 1980ರ ದಶಕದಲ್ಲಿ .338 ಲಪುವಾ ಮಾಡಿದರು. ಇವತ್ತು ಅದು ಸ್ನೈಪರ್‌ಗಳ ತೋಟಾ. ನಮ್ಮ ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್‌ನವರ ಸೇಬರ್ ರೈಫಲ್ಲಿಗೂ ಅದೇ. ರೆಮಿಂಗ್ಟನ್ 700 ಅಂತ ಜಿಂಕೆ ಹೊಡೆಯೋ ರೈಫಲ್ಲು 1962ರಲ್ಲಿ ಬಂತು. ನಾಲ್ಕೇ ವರ್ಷಕ್ಕೆ ಅಮೆರಿಕದ ಮರೀನ್ ಸೈನಿಕರು ಅದನ್ನ ಸ್ನೈಪರ್ ರೈಫಲ್ ಮಾಡಿಕೊಂಡರು. ನೂರಿಪ್ಪತ್ತು ವರ್ಷದಿಂದ ಆಚೆಯದು ಈಚೆ, ಈಚೆಯದು ಆಚೆ. ಈಗ ಹಿಡಿ ಒಂದು ಈಚೆ ಬಂದರೆ ಯಾಕೆ ಬಾಯಿ ಬಡ್ಕೋಬೇಕು?"

ಸೀನ ಮೇಷ್ಟ್ರ ಕಾಲು ಹಿಡಿಯುವುದೊಂದು ಬಾಕಿ.

ಅಷ್ಟರಲ್ಲಿ ಪಕ್ಕದ ಎಟಿಎಮ್ಮಿಗೆ ದುಡ್ಡಿನ ವ್ಯಾನ್ ಬಂತು. ಗಾರ್ಡು ಇಳಿದ. ಕೈಯಲ್ಲಿ ಹಳೇ ಒಂಟಿ ನಳಿಗೆ ಕೋವಿ. ನಮ್ಮೆಲ್ಲರ ಕಣ್ಣೂ ಒಟ್ಟಿಗೆ ಅದರ ಹಿಡಿಯ ಮೇಲೆ. ಮರ ಸೀಳಿತ್ತು ಅಂತ ಕಾಣುತ್ತೆ, ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿ, ಅದರ ಮೇಲೆ ಕರೆಂಟಿನವರ ಕಪ್ಪು ಟೇಪು. ಟ್ಯೂಬಿನ ಮೇಲಿನ ಕಂಪನಿ ಹೆಸರು ಅರ್ಧ ಹಾಗೇ ಓದಬಹುದಿತ್ತು.

"ಕಪ್ಪು, ರಬ್ಬರು, ಹೇಳಿ ಮಾಡಿಸಿದ್ದು" ಅಂತ ಲೋಕಿ ಪಿಸುಗುಟ್ಟಿದ. "ಸೀನ, ನಿಂದೇ ಬಂತು."

ಸೀನ ಫೋನ್ ಎತ್ತಿದ್ದೇ ತಡ, ಗಾರ್ಡು "ಫೋಟೋ ತೆಗೀಬೇಡಿ ಸಾರ್" ಅಂದ. ಬೋಪಣ್ಣ ಮೆಲ್ಲಗೆ ಮಾತು ತೆಗೆದ. "ಹಿಡಿ ಜಾರಲ್ವಾ ಅಣ್ಣಾ?"

"ಮೊದಲು ಜಾರುತ್ತಿತ್ತು ಸಾರ್. ಟ್ಯೂಬ್ ಸುತ್ತಿದ ಮೇಲೆ ಪರವಾಗಿಲ್ಲ. ಉದ್ದದ್ದೇ ಕಾಟ. ದಿನಾ ವ್ಯಾನ್ ಹತ್ತಬೇಕು, ಇಳೀಬೇಕು. ಪ್ರತಿ ಸಲ ಬಾಗಿಲಿಗೆ ತಗುಲುತ್ತೆ."

"ಹಿಡಿ ಮಡಚೋಕೆ ಬಂದರೆ?" ಸೀನನ ಕಣ್ಣು ಹೊಳೆಯಿತು.

"ಅಂಥದ್ದಿದೆಯಾ ಸಾರ್? ಇದ್ದರೆ ತುಂಬ ಅನುಕೂಲ."

"ಮುಗೀತು!" ಸೀನ ಮೇಜು ಕುಟ್ಟಿದ. "ಕೋವಿ ಹೊತ್ತು ತಿರುಗುವವರೇ ಹೇಳಿದರು!"

"ಎಟಿಎಂ ವ್ಯಾನಿಗೆ ಅಂತ ಹೇಳಿದರು, ಕಾಡೆಮ್ಮೆಗಲ್ಲ" ಅಂದ ಬೋಪಣ್ಣ.

ಇಷ್ಟಾದರೂ ಲೈಸೆನ್ಸಿನ ಮಾತು ಉಳಿದಿತ್ತು. ಅರ್ಜಿ, ಪೊಲೀಸ್ ವಿಚಾರಣೆ, ಕೋವಿ ಯಾಕೆ ಬೇಕು ಅಂತ ಕಾರಣ. "ಕಾರಣದ ಜಾಗದಲ್ಲಿ ಏನು ಬರೀತೀಯ, ನಮೀಬಿಯಾ ಅಂತಲಾ?" ಅಂತ ಮೇಷ್ಟ್ರು ಕೇಳಿದರು. ಸೀನ ವಡೆಯ ಕೊನೇ ತುಂಡನ್ನು ಸಾಂಬಾರಿನಲ್ಲಿ ಅದ್ದಿ ಅದ್ದಿ ಯೋಚಿಸಿದ.

"ಏರ್ ರೈಫಲ್ ತಗೊಳ್ಳಲಾ? 4.5 ಮಿಲಿಮೀಟರಿಂದು, 20 ಜೌಲ್ ಒಳಗಿದ್ದರೆ ಲೈಸೆನ್ಸ್ ಬೇಡ. ಕಪ್ಪು ಮಿಲಿಟರಿ ಸ್ಟಾಕಿನದೂ ಸಿಗುತ್ತೆ."

"6,900 ಜೌಲಿಂದ 20ಕ್ಕೆ ಬಂದ" ಅಂತ ಲೋಕಿ ಲೆಕ್ಕ ಹಾಕಿದ. "ಇನ್ನು ಸ್ವಲ್ಪ ಇಳಿದರೆ ಹೋಳಿಹಬ್ಬದ ಪಿಚಕಾರಿ."

"ಅದರಲ್ಲೂ ಮಿಲಿಟರಿ ಮಾಡೆಲ್ ಬಂದಿದೆ ಕಣೋ, ತೋರಿಸ್ತೀನಿ ತಡಿ" ಅಂತ ಸೀನ ಮತ್ತೆ ಫೋನ್ ತೆಗೆದ.